ನನ್ನ ಕಂಠದ ವಿಚಾರದಲ್ಲಿ ನನ್ನನ್ನೂ ಒಂದು ಮಾತು ಕೇಳಿ

ವೈದ್ಯರ ತರಬೇತಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಮುಂದಿನ ತಿಂಗಳು ನಂಜನಗೂಡಿನಲ್ಲಿ ನಡೆಯಲಿರುವ ತಮ್ಮ ಶಿಬಿರಕ್ಕೆ ಬಂದು ಗಂಟಲು ಕ್ಯಾನ್ಸರಿನ ರೋಗಿಯ ಪಾತ್ರವನ್ನು ಮತ್ತೊಮ್ಮೆ ಅಭಿನಯಿಸಿಕೊಡಬೇಕೆಂಬ ತಮ್ಮ ಆಹ್ವಾನ ಕೈಸೇರಿತು. ಕಳೆದ ಸಲ ಟಿ. ನರಸೀಪುರದಲ್ಲಿ ನಾನು ಮಾಡಿದ ಪಾತ್ರ ಬಹಳ ಸಹಜವಾಗಿತ್ತೆಂದು ಹೊಗಳಿದ್ದೀರಿ. ಸಹಜವಾಗಿರದೆ ಏನಾಗುತ್ತದೆ ಸ್ವಾಮಿ? ನನಗೆ ಗಂಟಲು ಕ್ಯಾನ್ಸರ್ ಇದೆ. ಅದು ಪತ್ತೆಯಾಗಿದ್ದು ತಮ್ಮ ಶಿಬಿರದಲ್ಲೇ. ಪತ್ತೆ ಮಾಡಿದವರು ಅದೇ ಶಿಬಿರದಲ್ಲಿ ಮೊದಲ ಬಹುಮಾನ ಪಡೆದ ವೈದ್ಯೆ. ಆದರೆ ಅವರು ಆ ಸುದ್ದಿಯನ್ನು ನನಗೆ ಹೇಳಲಿಲ್ಲ. ತಮ್ಮ ನಾಟಕದಲ್ಲಿ ನನ್ನ ಅಣ್ಣನ ವೇಷ ಹಾಕಿದ್ದವರಿಗೆ ಹೇಳಿದರು. ಆ ವೇಷದ ಅಣ್ಣ ನನ್ನ ಪರವಾಗಿ ಆಪರೇಷನ್ ಬೇಡವೆಂದು ಹೇಳಿ ಬಂದಿದ್ದಾರೆ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ವಿವರ.

ನಾನು ಯಾರೆಂಬುದು ತಮಗೆ ನೆನಪಿರಲಿಕ್ಕಿಲ್ಲ. ಕಳಲೆಯವನು, ತಾಂಡ್ಯದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ನಾವು ಒಂದಷ್ಟು ಕಾರ್ಮಿಕರು ಸೇರಿ ನಾಟಕ ಮಂಡಳಿ ಕಟ್ಟಿಕೊಂಡು ಪೌರಾಣಿಕ ನಾಟಕ ಆಡುತ್ತೇವೆ. ನನ್ನದು ರಾಜಪಾರ್ಟು. ಕೊನೆಯ ಸೀನಿನಲ್ಲಿ ಬಾಣ ನಾಟಿಸಿಕೊಂಡು ಬಿದ್ದಮೇಲೂ ಎದ್ದು ಕೂತು ಹಾಡುವ, ಹಾಡಿ ಮುಗಿಸಿದ ಮೇಲೆಯೇ ಪ್ರಾಣ ಬಿಡುವ ರಾಜ. ನಮ್ಮ ಕಡೆ ಜನ ರಾಜ ಸಾಯುವುದನ್ನು ನೋಡಲು ಬರುವುದಿಲ್ಲ, ಸಾಯುವ ಮೊದಲು ಹಾಡುವುದನ್ನು ಕೇಳಲು ಬರುತ್ತಾರೆ. ಚೆನ್ನಾಗಿ ಹಾಡಿದರೆ 'ಒನ್ಸ್ ಮೋರ್' ಎಂದು ಕೂಗಿ ಇನ್ನೊಂದು ಸಲ ಸಾಯಿಸುತ್ತಾರೆ. ಈ ಪತ್ರದ ಭಾಷೆ ಒಬ್ಬ ಪ್ಯಾಕಿಂಗ್ ಕೆಲಸಗಾರನಿಗೆ ಸ್ವಲ್ಪ ಜಾಸ್ತಿಯಾಯಿತು ಎನಿಸಿದರೆ, ಅದು ಸಿಂಹಾಸನದ ಮೇಲೆ ಕೂತು ಕಲಿತದ್ದು ಎಂದು ತಿಳಿಯಿರಿ.

ರೋಗಿಗಳಿಗೆ ಕೆಟ್ಟ ಸುದ್ದಿ ಹೇಳುವುದು ಹೇಗೆಂದು ಡಾಕ್ಟರುಗಳಿಗೆ ಕಲಿಸಬೇಕು, ಅದಕ್ಕೊಬ್ಬ ರೋಗಿ ಬೇಕು, ನಿಜವಾದ ರೋಗಿಯನ್ನು ಕೂರಿಸಿಕೊಂಡು ಅಭ್ಯಾಸ ಮಾಡಿದರೆ ಆತ ನೊಂದುಕೊಳ್ಳುತ್ತಾನೆ, ಆದ್ದರಿಂದ ನಟ ಬೇಕು ಎಂದು ತಮ್ಮವರು ನಮ್ಮ ಮಂಡಳಿಯನ್ನು ಹುಡುಕಿಕೊಂಡು ಬಂದರು. ನಮಗೋ ಬಹಳ ಸಂತೋಷವಾಯಿತು. ರಾಜರಾಗಿ ಸಾಕಾಗಿತ್ತು. ನಾನು ರೋಗಿ, ನಮ್ಮ ಹಾರ್ಮೋನಿಯಂ ಮೇಷ್ಟ್ರು ಗೋವಿಂದಯ್ಯನವರು ರೋಗಿಯ ಅಣ್ಣ. ಅವರಿಗೆ ಅಣ್ಣನಾಗುವುದೆಂದರೇನೆಂದು ಅರ್ಥವಾಗಲಿಲ್ಲವೋ ಏನೋ, ಹಾರ್ಮೋನಿಯಂ ಪೆಟ್ಟಿಗೆಯನ್ನೂ ಹೊತ್ತುಕೊಂಡೇ ಬಸ್ಸು ಹತ್ತಿದರು.

ಶಿಬಿರ ನಡೆದದ್ದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಬಾಳೆಕಂಬ ಇನ್ನೂ ಬಾಗಿಲಲ್ಲೇ ಇತ್ತು. ಬೇರೆ ಕುರ್ಚಿ ಸಾಲದೆ, ಗಂಡುಹೆಣ್ಣು ಕೂರುವ ಕೆಂಪು ಮಖಮಲ್ಲಿನ ಜೋಡಿ ಕುರ್ಚಿಯಲ್ಲೇ ಒಂದರಲ್ಲಿ ನನ್ನನ್ನೂ ಇನ್ನೊಂದರಲ್ಲಿ ಡಾಕ್ಟರನ್ನೂ ಕೂರಿಸಿದರು. ಆಗ ನನ್ನ ಗಂಟಲು ಕೆಲವು ತಿಂಗಳಿಂದ ಕಟ್ಟಿತ್ತು. ಬೆಂಗಳೂರಿನಿಂದ ಬಂದ ತರಬೇತುದಾರರು ನನ್ನ ದನಿ ಕೇಳಿ ಖುಷಿಪಟ್ಟರು. "ಗಂಟಲು ಕಟ್ಟಿರೋದು ಒಳ್ಳೇದೇ ಆಯ್ತು. ಗಂಟಲು ಕ್ಯಾನ್ಸರ್ ಕೇಸೇ ಮಾಡೋಣ, ನ್ಯಾಚುರಲ್ಲಾಗಿರುತ್ತೆ" ಎಂದರು. ಮಂಟಪದ ತುಂಬ ವೈದ್ಯರು ಕೂತಿದ್ದರು ಮಾನ್ಯರೇ. ಗಂಟಲು ಕಟ್ಟಿ ಎಷ್ಟು ದಿನವಾಯಿತೆಂದು ಒಬ್ಬರೂ ಕೇಳಲಿಲ್ಲ. ನಾಟಕದ ರೋಗಿಗೆ ನಿಜವಾದ ರೋಗ ಬರುವುದುಂಟೇ?

ತರಬೇತುದಾರರು ಗೋಡೆಯ ಮೇಲೆ ಅಕ್ಷರಗಳನ್ನು ಬೆಳಗಿಸಿ ನಿಯಮಗಳನ್ನು ಹೇಳಿದರು. ನಿಂತುಕೊಂಡು ಹೇಳಬಾರದು. ರೋಗಿಯ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬೇಕು. ಅವನಿಗೆ ಎಷ್ಟು ಗೊತ್ತಿದೆ, ಇನ್ನೆಷ್ಟು ತಿಳಿದುಕೊಳ್ಳಲು ಇಷ್ಟವಿದೆ ಎಂದು ಮೊದಲು ಕೇಳಬೇಕು. ಹೇಳಿದ ಮೇಲೆ ಸುಮ್ಮನಿರಬೇಕು. ನಿಜ ಹೇಳುತ್ತೇನೆ, ಕೇಳುತ್ತಾ ನನಗೆ ಗೌರವ ಹುಟ್ಟಿತು. ನಮ್ಮ ಜನರ ಮುಂದೆ ಹೀಗೆ ಕೂತು ಮಾತಾಡುವ ಡಾಕ್ಟರನ್ನು ನಾನಂತೂ ಕಂಡಿರಲಿಲ್ಲ.

ಆಮೇಲೆ ಅಭ್ಯಾಸ ಶುರುವಾಯಿತು. ಮೊದಲು ಬಂದವರು ಫ್ಯಾನನ್ನು ನೋಡುತ್ತಾ ಏನೋ ಇಂಗ್ಲಿಷಿನಲ್ಲಿ ಹೇಳಿ ಬೆವರು ಒರೆಸಿಕೊಂಡರು. ಎರಡನೆಯವರು "ಬೀಡಿ ಸೇದ್ತೀಯಾ? ಸೇದು, ಇನ್ನೂ ಸೇದು" ಎಂದು ಬೈದು ಎದ್ದು ಹೋದರು. ಮತ್ತೊಬ್ಬರು "ಏನಿಲ್ಲ, ಸಣ್ಣ ಗಡ್ಡೆ, ಧೈರ್ಯವಾಗಿರಿ, ಮೇಲೆ ದೇವರಿದ್ದಾನೆ" ಎಂದು ನನ್ನ ಬೆನ್ನು ತಟ್ಟಿ, ಅಣ್ಣನಾಗಿ ಕೂತಿದ್ದ ಗೋವಿಂದಯ್ಯನವರಿಗೆ ಕಣ್ಸನ್ನೆ ಮಾಡಿ ಹೊರಗೆ ಕರೆದರು. ಎಲ್ಲರೂ ನಕ್ಕರು. ತರಬೇತುದಾರರು ಮಾತ್ರ ನಗಲಿಲ್ಲ. "ಇದೇ ನೋಡಿ, ಇದನ್ನೇ ಮಾಡಬಾರದು" ಎಂದರು. ಈ ಮಾತನ್ನು ತಾವು ದಯಮಾಡಿ ಗಮನಿಸಬೇಕು, ಏಕೆಂದರೆ ಅದನ್ನು ಗಮನಿಸಿದವರು ಅಲ್ಲಿ ನಾನೊಬ್ಬನೇ ಎಂದು ಆಮೇಲೆ ಗೊತ್ತಾಯಿತು.

ಕೊನೆಗೆ ಆ ವೈದ್ಯೆ ಬಂದರು. ಮೈಸೂರಿನವರು, ಕಿವಿ ಮೂಗು ಗಂಟಲಿನ ಡಾಕ್ಟರು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಚಲುವಯ್ಯ, ನಿಮ್ಮ ಕಾಯಿಲೆ ಏನಿರಬಹುದು ಅಂತ ನೀವೇ ಅಂದ್ಕೊಂಡಿದ್ದೀರಾ? ನಾನು ನಿಮಗೆ ಎಲ್ಲಾ ಹೇಳಬೇಕಾ, ಇಲ್ಲ ಬೇರೆ ಯಾರಿಗಾದರೂ ಹೇಳಲಾ?" ಎಂದರು. ನನಗೇ ಹೇಳಿ ಎಂದೆ. ಹೇಳಿದರು. ಹೇಳಿ ಸುಮ್ಮನೆ ಕೂತರು. ಆ ಮೌನದಲ್ಲಿ ನನಗೆ ನಿಜವಾಗಿಯೂ ಕಣ್ಣು ತುಂಬಿತು. ಅಷ್ಟರಲ್ಲಿ ಗೋವಿಂದಯ್ಯನವರು, ರಾಜನ ಕಣ್ಣು ತುಂಬಿದರೆ ತಮ್ಮ ಕೆಲಸವೇನೆಂದು ಬಲ್ಲವರು, ಪೆಟ್ಟಿಗೆ ತೆಗೆದು ಶ್ರುತಿ ಹಿಡಿದೇಬಿಟ್ಟರು. ಶ್ರುತಿ ಬಂದ ಮೇಲೆ ಸುಮ್ಮನಿರುವುದು ನನ್ನಿಂದಾಗಲಿಲ್ಲ. ಮರಣದ ಸೀನಿನ ಕಂದಪದ್ಯ ಎತ್ತಿಕೊಂಡೆ. ಮೇಲಿನ ಸ್ವರಕ್ಕೆ ಹೋದಾಗ ಗಂಟಲು ಒಡೆದುಹೋಯಿತು. ಅದನ್ನೂ ಅಭಿನಯವೆಂದುಕೊಂಡು ಡಾಕ್ಟರುಗಳು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಿಂದ 'ಒನ್ಸ್ ಮೋರ್' ಬಂತು. ತರಬೇತುದಾರರು ಈ ಜಿಲ್ಲೆಯ ರೋಗಿಗಳು ದುಃಖವನ್ನು ಹಾಡಿನ ಮೂಲಕ ತೋಡಿಕೊಳ್ಳುತ್ತಾರೆಂದು ಬರೆದುಕೊಂಡರಂತೆ. ತಮ್ಮ ವರದಿಯಲ್ಲಿ ಆ ಸಾಲು ಸೇರಿದ್ದರೆ ದಯವಿಟ್ಟು ಹೊಡೆದುಹಾಕಿ. ನಮ್ಮ ಕಡೆ ರೋಗಿಗಳು ಹಾಡುವುದಿಲ್ಲ, ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾರೆ.

ಚಪ್ಪಾಳೆ ತಟ್ಟದೆ ಕೂತವರು ಆ ವೈದ್ಯೆಯೊಬ್ಬರೇ. ಊಟದ ಹೊತ್ತಿನಲ್ಲಿ ನನ್ನನ್ನು ಹೆಣ್ಣಿನ ಅಲಂಕಾರದ ಕೋಣೆಗೆ ಕರೆದುಕೊಂಡು ಹೋಗಿ, ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟು ಗಂಟಲು ನೋಡಿದರು. "ಮೈಸೂರಿಗೆ ಬನ್ನಿ, ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ" ಎಂದರು. ಅವರ ಬಗ್ಗೆ ನನಗೆ ಕೋಪವಿಲ್ಲ ಎನ್ನುವುದು ಸುಳ್ಳಾಗುತ್ತದೆ. ಕೋಪ ಇದೆ. ಆದರೆ ಅಷ್ಟು ಜನರಲ್ಲಿ ನನ್ನ ಗಂಟಲೊಳಗೆ ಇಣುಕಿದವರು ಅವರೊಬ್ಬರೇ ಎಂಬುದನ್ನು ಮರೆಯುವಷ್ಟು ಕೃತಘ್ನ ನಾನಲ್ಲ.

ಮೈಸೂರಿಗೆ ಹೋದೆ, ಚೂರು ತೆಗೆದರು. ಫಲಿತಾಂಶದ ದಿನ ಜೊತೆಗೆ ಗೋವಿಂದಯ್ಯನವರು ಬಂದರು. ವೈದ್ಯೆ ನನ್ನನ್ನು ನೋಡಿ ನಕ್ಕರು, ವರದಿ ನೋಡಿದರು, ಮತ್ತೆ ನನ್ನ ಕಡೆ ನೋಡಲಿಲ್ಲ. "ಚಲುವಯ್ಯ, ನೀವು ಹೊರಗೆ ಕೂತಿರಿ. ಜೊತೆಗೆ ಯಾರು ಬಂದಿದ್ದಾರೋ ಅವರನ್ನು ಕಳಿಸಿ" ಎಂದರು. ಕಳಿಸಿದೆ.

ಬಾಗಿಲಿಗೆ ಗಾಜಿತ್ತು. ಬೆಂಚಿನ ಮೇಲೆ ಕೂತು ಎಲ್ಲವನ್ನೂ ನೋಡಿದೆ. ವೈದ್ಯೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮುಂದಕ್ಕೆ ಬಾಗಿ, ಕಣ್ಣಿಗೆ ಕಣ್ಣು ಕೊಟ್ಟು, ನಿಧಾನವಾಗಿ ಮಾತಾಡಿದರು. ನಡುವೆ ಸುಮ್ಮನಾದರು. ಗೋವಿಂದಯ್ಯನವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡಾಗ ಕುಡಿಯಲು ನೀರು ಕೊಟ್ಟರು. ತಮ್ಮ ಶಿಬಿರದ ಒಂದು ನಿಯಮವನ್ನೂ ಅವರು ಬಿಡಲಿಲ್ಲ ಮಾನ್ಯರೇ, ಆ ಮಟ್ಟಿಗೆ ತಮಗೆ ಅಭಿನಂದನೆ. ಇಷ್ಟು ಚೆನ್ನಾಗಿ ಸುದ್ದಿ ಹೇಳಿದ್ದನ್ನು ಕಂಡು ಗೋವಿಂದಯ್ಯನವರಿಗೇ ಏನೋ ದೊಡ್ಡ ಕಾಯಿಲೆ ಬಂದಿದೆಯೆಂದು ನಾನು ತಿಳಿದೆ. ನನ್ನ ಜೊತೆ ಬಂದವರು ತಮ್ಮ ತೊಂದರೆಯನ್ನೂ ತೋರಿಸಿಕೊಂಡಿರಬೇಕು ಎಂದುಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಅವರಿಗೆ ಟೀ ಕೊಡಿಸಿದೆ.

"ಏನಂದ್ರು ಮೇಷ್ಟ್ರೇ, ಶುಗರ್ರಾ?" ಎಂದು ಕೇಳಿದೆ.

"ಊಂ ಕಣ್ಲಾ" ಎಂದರು.

"ಶುಗರ್ರು ಯಾರ್ಗಿಲ್ಲ ಬುಡಿ. ಮಾತ್ರೆ ನುಂಗ್ಕಂಡು ಕಾಲ ಆಕೋದು. ಅಳ್ತಾರಾ ಅದ್ಕೆ?" ಎಂದೆ. ಅವರು ಇನ್ನೂ ಜೋರಾಗಿ ಅತ್ತರು. ದಾರಿಯುದ್ದಕ್ಕೂ ನಾನು ಅವರಿಗೆ ಧೈರ್ಯ ಹೇಳಿಕೊಂಡು ಬಂದೆ. ನನ್ನ ಬಗ್ಗೆ ಕೇಳಿದ್ದಕ್ಕೆ "ನಿಂದೇನಿಲ್ಲ, ಗಂಟಲಲ್ಲಿ ಸಣ್ ಉಣ್ಣಾಗದೆ, ಟಾನಿಕ್ ಬರ್ದವ್ರೆ" ಎಂದರು.

ಆಮೇಲೆ ಊರೇ ನನ್ನ ಮೇಲೆ ಪ್ರೀತಿ ಸುರಿಸತೊಡಗಿತು. ಪಕ್ಕದ ಮನೆಯ ರಾಚಮ್ಮ ಮೀನಿನ ಸಾರು ತಂದಿಟ್ಟು ಹೋದಳು. ಅದೇ ರಾಚಮ್ಮ ಬೇಲಿಯ ವಿಷಯಕ್ಕೆ ನಮ್ಮ ಮನೆಯೊಡನೆ ಮಾತು ಬಿಟ್ಟು ಕಾಲವಾಗಿತ್ತು. ಮಂಡಳಿಯವರು ರಾಜಪಾರ್ಟನ್ನು ನಮ್ಮಲ್ಲೇ ಕಿರಿಯವನಾದ ಮಹದೇವನಿಗೆ ಕೊಟ್ಟು "ಈ ಸಲ ರೆಸ್ಟ್ ತಗಳಣ್ಣ" ಎಂದರು. ಮಹದೇವ ನನ್ನ ಕಿರೀಟ ತೆಗೆದುಕೊಳ್ಳುವಾಗ ಕಾಲಿಗೆ ಬಿದ್ದ. ನಟನೆಯನ್ನೇ ಕಸುಬಿನಷ್ಟು ಹಚ್ಚಿಕೊಂಡವನ ಮುಂದೆ ಇಡೀ ಊರು ನಟಿಸಲು ಹೊರಟರೆ ಎಷ್ಟು ದಿನ ನಡೆದೀತು? ಅದರಲ್ಲೂ ನನ್ನ ಹೆಂಡತಿ ಸಾಕಮ್ಮನಷ್ಟು ಕೆಟ್ಟ ನಟಿ ನಮ್ಮ ತಾಲ್ಲೂಕಿನಲ್ಲೇ ಇಲ್ಲ. ಬಡಿಸುವಾಗ ಮುಖ ನೋಡುತ್ತಿರಲಿಲ್ಲ, ನಾನು ಕೆಮ್ಮಿದರೆ ಒಲೆ ಮುಂದೆ ಕೂತು ಊದುಕೊಳವೆಯನ್ನೇ ಊದುತ್ತಿದ್ದಳು. ಒಲೆ ಉರಿಯುತ್ತಲೇ ಇರುತ್ತಿತ್ತು.

ಒಂದು ದಿನ ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಕಡಿಮೆ ಎಂದೆ. ಅಷ್ಟೇ.

"ಉಪ್ಪಂತೆ ಉಪ್ಪು! ಸಾಯಕ್ಕೆ ಕುಂತಿರೋ ಮನ್ಸಂಗೆ ಉಪ್ಪು ಎಚ್ಚಾದ್ರೇನು ಕಮ್ಮಿಯಾದ್ರೇನು?" ಎಂದು ಸೌಟನ್ನು ನೆಲಕ್ಕೆ ಕುಕ್ಕಿದಳು. ಕುಕ್ಕಿ, ತಾನು ಏನಂದೆನೆಂದು ತಿಳಿದು, ಬಾಯಿಗೆ ಸೆರಗು ಒತ್ತಿಕೊಂಡಳು. ನಮ್ಮ ಮಗಳು ಕವನ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡುತ್ತಿದ್ದಳು. ಅವಳಿಗೂ ಗೊತ್ತಿತ್ತು.

ತಮ್ಮ ನಿಯಮಗಳ ಪ್ರಕಾರ ಸುದ್ದಿ ಹೇಳಲು ಇದಕ್ಕಿಂತ ಕೆಟ್ಟ ಕ್ರಮ ಇರಲಾರದು. ನಿಂತುಕೊಂಡು, ಬೈದುಕೊಂಡು, ಮಗುವಿನ ಎದುರಿಗೆ, ಕೈಯಲ್ಲಿ ಸೌಟು ಹಿಡಿದು. ಅವಳಿಗೆ ನನ್ನ ಕಾಯಿಲೆಯ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಗೋವಿಂದಯ್ಯನವರು ಹೇಳಿದ್ದಿಷ್ಟು, ಅವಳು ಅರ್ಥಮಾಡಿಕೊಂಡಿದ್ದಿಷ್ಟು, ಅಳುವಿನ ನಡುವೆ ನನಗೆ ಸಿಕ್ಕಿದ್ದಿಷ್ಟು. ಆದರೂ ಕೊನೆಗೆ ನನ್ನ ಸುದ್ದಿ ನನ್ನ ಕಿವಿಗೆ ಬಿತ್ತಲ್ಲ! ನನಗೆ ಭಯವಾಯಿತು. ಬಹಳ ಭಯವಾಯಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಕೈ ತೊಳೆದವನೇ ಗೋವಿಂದಯ್ಯನವರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತಿದ್ದರು. ನಾನು ಕೆಳಗೆ ನಿಂತೆ. ಅವರ ಮನೆಯಲ್ಲಿ ನಾನು ನಿಲ್ಲುವ ಜಾಗ ಅದು, ಹಿಂದಿನಿಂದಲೂ ಅಷ್ಟೇ.

"ಯಾಕೆ ಮೇಷ್ಟ್ರೇ ಇಂಗ್ ಮಾಡಿದ್ರಿ?"

ಅವರಿಗೆ ಗೊತ್ತಾಯಿತು. "ನೀವು ಅವರ ಅಣ್ಣ ಅಲ್ವಾ, ಅವತ್ತು ಶಿಬಿರದಲ್ಲಿ ನೋಡಿದ್ದೆ ಅಂದ್ರು ಕಣ್ಲಾ. ಊಂ ಅಂದ್ಬುಟ್ಟೆ. ಅಲ್ಲ ಅಂದಿದ್ರೆ ಏನಾಗದೆ ಅಂತ ನಂಗೂ ಏಳ್ತಿರ್ಲಿಲ್ಲ."

"ಏನಂದ್ರು?"

"ಗಂಟಲ ಪೆಟ್ಗೇನೇ ತೆಗೀಬೇಕಂತೆ. ಬೇಗ್ ತೆಗುದ್ರೆ ಉಳ್ಕತಾನೆ, ಆದ್ರೆ ಮಾತು ಓಯ್ತದೆ, ಆಡೂ ಓಯ್ತದೆ ಅಂದ್ರು. ಆ ಕಂಠ ಇಲ್ದೆ ಚಲುವಯ್ಯ ಇದ್ದೇನು ಮಾಡ್ತಾನೆ ಮೇಡಂ, ಬ್ಯಾಡಿ, ಅಂಗೇ ಬುಟ್ಬುಡಿ ಅಂದೆ."

"ನನ್ನನ್ನ ಒಂದ್ ಮಾತು ಕೇಳ್ಬೋದಿತ್ತಲ್ಲ ಮೇಷ್ಟ್ರೇ?"

"ಕೇಳಿದ್ರೆ ನೀನು ತೆಗೀಲಿ ಅಂದ್ಬುಟ್ಟಿದ್ರೆ?" ಎಂದರು.

ನನ್ನ ಕಂಠವನ್ನು ಅವರಷ್ಟು ಪ್ರೀತಿಸಿದವರು ಇಲ್ಲ. ಕಂಠದ ಕೆಳಗೆ ಒಬ್ಬ ಮನುಷ್ಯ ಇದ್ದಾನೆಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ನಮ್ಮ ಬೀದಿಯಲ್ಲಿ ಒಂದು ಲೋಟ ನೀರು ಮುಟ್ಟದ ಗೋವಿಂದಯ್ಯನವರು ಆಸ್ಪತ್ರೆಯ ಒಂದು ಕೋಣೆಯಲ್ಲಿ ನನ್ನ ಒಡಹುಟ್ಟಿದ ಅಣ್ಣನಾಗಿಬಿಟ್ಟರು. ನಮ್ಮ ಹಿರಿಯರು ಎಷ್ಟೋ ಕಾಲದಿಂದ ಕೇಳುತ್ತಿದ್ದ ಸಮಾನತೆಯನ್ನು ತಮ್ಮ ಇಲಾಖೆ ಹೀಗೆ ಬಾಗಿಲು ಹಾಕಿಕೊಂಡು ದಯಪಾಲಿಸುತ್ತದೆಂದು ಯಾರು ತಾನೆ ಊಹಿಸಿದ್ದರು?

ಮರುದಿನವೇ ಮೈಸೂರಿಗೆ ಓಡಿದೆ. ವೈದ್ಯೆ ಇರಲಿಲ್ಲ. ಎಲ್ಲಿ ಹೋಗಿದ್ದರೆಂದು ತಾವೇ ಬಲ್ಲಿರಿ. ರೋಗಿಗಳೊಂದಿಗೆ ಮಾತಾಡುವುದರಲ್ಲಿ ಅವರು ತೋರಿದ ಪರಿಣತಿಯನ್ನು ಮೆಚ್ಚಿ ಅವರನ್ನೇ ತರಬೇತುದಾರರನ್ನಾಗಿ ಮಾಡಿ ತಾಲ್ಲೂಕು ತಾಲ್ಲೂಕು ಸುತ್ತಿಸುತ್ತಿದ್ದೀರಿ. ಅವರ ಜಾಗದಲ್ಲಿದ್ದ ಡಾಕ್ಟರು ಬಾಗಿಲ ತನಕ ಹಬ್ಬಿದ್ದ ಕ್ಯೂ ನೋಡುತ್ತಲೇ ನನ್ನ ಕಡತ ತಿರುಗಿಸಿದರು.

"ನಿಮ್ಮ ಅಣ್ಣ ಆಪರೇಷನ್ ಬೇಡ ಅಂದಿದ್ದಾರಲ್ರೀ."

"ನಂಗೆ ಅಣ್ಣನೇ ಇಲ್ಲ ಸಾ."

"ಅದೆಲ್ಲ ಫ್ಯಾಮಿಲಿ ವಿಷಯ. ಮನೇಲಿ ಕೂತು ಇತ್ಯರ್ಥ ಮಾಡ್ಕೊಳ್ಳಿ. ಬೇಡ ಅಂದವರನ್ನೇ ಕರ್ಕೊಂಡು ಬನ್ನಿ, ಅವರೇ ಒಪ್ಪಿಗೆ ಹೇಳಲಿ."

"ಗಂಟ್ಲು ನಂದು ಸಾ. ಈಗ್ಲೂ ಟೈಮಿದ್ಯಾ, ಮುಗ್ದೋಯ್ತಾ, ಅದ್ನಾದ್ರೂ ಏಳಿ."

"ಅದನ್ನ ಮೇಡಂ ಬಂದ ಮೇಲೆ ಕೇಳಿ. ಭಯ ಪಡಬೇಡಿ. ಜೊತೆಗೆ ಯಾರು ಬಂದಿದ್ದಾರೆ?"

ಯಾರೂ ಬಂದಿಲ್ಲ ಎಂದೆ. ಅವರ ಮುಖ ಬಾಡಿತು. ಜೊತೆಗೆ ಯಾರೂ ಇಲ್ಲದ ರೋಗಿಗೆ ಏನು ಹೇಳಬೇಕೆಂಬುದು ಅವರಿಗೆ ತಿಳಿದಂತಿರಲಿಲ್ಲ. ಇಲ್ಲದ ಅಣ್ಣ ಬೇಡವೆಂದದ್ದನ್ನು ಇಲ್ಲದ ಅಣ್ಣನೇ ಬಂದು ಬೇಕೆನ್ನಬೇಕು. ಅಲ್ಲಿಯವರೆಗೆ ಗಡ್ಡೆ ಕಾಯುತ್ತದೆಯೇ? ಅದಕ್ಕೂ ತಾವು ತರಬೇತಿ ಕೊಟ್ಟಿದ್ದರೆ ತಿಳಿಸಿ.

ಮಾನ್ಯರೇ, ಡಾಕ್ಟರುಗಳ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ರೋಗಿ ಕುಸಿದುಬಿದ್ದರೆ, ಊರವರು ಗುಂಪುಗೂಡಿ ಬಂದು ಗಲಾಟೆ ಮಾಡಿದರೆ, ಮನೆಯವರು "ಅವರಿಗೆ ಹೇಳಬೇಡಿ" ಎಂದು ಕೈಮುಗಿದರೆ ಅವರು ತಾನೆ ಏನು ಮಾಡಿಯಾರು? ನಮ್ಮ ಜನರೂ ಕಡಿಮೆಯಿಲ್ಲ. ನಮ್ಮಲ್ಲಿ ಕಾಯಿಲೆ ಒಬ್ಬನದು, ತೀರ್ಮಾನ ಬೀದಿಯದು. ಆದರೆ ಅದನ್ನು ತಿದ್ದಲೆಂದೇ ಅಲ್ಲವೇ ತಾವು ಕಲ್ಯಾಣ ಮಂಟಪ ಹಿಡಿದದ್ದು? ಹೇಗೆ ಕೂರಬೇಕು, ಎಲ್ಲಿ ನೋಡಬೇಕು, ಯಾವಾಗ ಸುಮ್ಮನಾಗಬೇಕು, ಎಲ್ಲವನ್ನೂ ಕಲಿಸಿದಿರಿ. ಹಾಗೆ ಎದುರಿಗೆ ಕೂರುವವನು ರೋಗಿಯೇ ಆಗಿರಬೇಕೆಂದು ಕಲಿಸಿದಿರೇ? ನಟನಾಗಿದ್ದಾಗ "ನಿಮಗೇ ಹೇಳಲಾ" ಎಂದು ಕೇಳಿಸಿಕೊಂಡ ನಾನು, ರೋಗಿಯಾದ ಕೂಡಲೇ ಆ ಪ್ರಶ್ನೆಗೆ ಅನರ್ಹನಾದದ್ದು ಹೇಗೆ? ತಮ್ಮ ವಿದ್ಯೆಯೆಲ್ಲ ನಾಟಕದವನಿಗೆ ಖರ್ಚಾಗಿ, ನಿಜದವನ ಪಾಲಿಗೆ ಟಾನಿಕ್ ಉಳಿಯಿತು.

ಆದ್ದರಿಂದ ನನ್ನ ಬೇಡಿಕೆಯನ್ನು ಪತ್ರಿಕೆಯ ಮೂಲಕ ಎಲ್ಲರೆದುರಿಗೇ ಇಡುತ್ತಿದ್ದೇನೆ. ಆ ವೈದ್ಯೆಯನ್ನು ಶಿಬಿರಗಳಿಂದ ಕೂಡಲೇ ಆಸ್ಪತ್ರೆಗೆ ಕರೆಸಿ. ನನ್ನನ್ನೂ ನನ್ನ ಹೆಂಡತಿಯನ್ನೂ ಎದುರಿಗೆ ಕೂರಿಸಿಕೊಂಡು, ಎಷ್ಟು ಉಳಿದಿದೆ, ಏನು ಮಾಡಬಹುದು, ಏನು ಮಾಡಲಾಗದು ಎಂದು ಅವರು ನನಗೆ ಹೇಳಲಿ. ಕಾಲ ಮೀರಿದ್ದರೆ ಮೀರಿದೆ ಎಂದೇ ಹೇಳಲಿ. ಅವರಿಗೆ ಅದನ್ನು ಹೇಳಲು ಬರುತ್ತದೆ, ನಾನೇ ಸಾಕ್ಷಿ.

ಇನ್ನು ನನ್ನನ್ನು ಯಾರೂ ಕೇಳದೆ ಬಿಟ್ಟ ಪ್ರಶ್ನೆ. ಮೊನ್ನೆ ಸಾಕಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ನಾನೇ ಅವಳನ್ನು ಕೇಳಿದೆ, "ಮಾತೇ ಆಡ್ದಿರೋ ಗಂಡ ಬೇಕೇನಮ್ಮಿ ನಿಂಗೆ?" ಎಂದು.

"ಇಷ್ಟ್ ದಿವ್ಸ ಮಾತಾಡಿ ನೀನೇನು ಕಡ್ದು ಕಟ್ಟೆ ಆಕ್ದೆ?" ಎಂದಳು. ಒಂದಷ್ಟು ಕಾಯಿ ಸುಲಿದ ಮೇಲೆ, ನನ್ನ ಕಡೆ ನೋಡದೆ, "ಸುಮ್ಕಿದ್ರೂ ಇಲ್ಲೇ ಕುಂತಿರ್ತಿಯಲ್ಲ, ಅಷ್ಟ್ ಸಾಕು" ಎಂದಳು.

ನನಗೂ ಅಷ್ಟು ಸಾಕು. ನನ್ನ ಉತ್ತರವನ್ನು ಬರೆದುಕೊಳ್ಳಿ ಮಾನ್ಯರೇ, ಅಣ್ಣನ ಮಾತಿನ ಮೇಲೆಯೇ ಬರೆಯಿರಿ: ತೆಗೆಯಿರಿ. ನಾನು ಬದುಕಬೇಕು.

ಇಂತಿ,
'ಹೂಂ' ಎನ್ನುವಷ್ಟು ದನಿ ಇನ್ನೂ ಉಳಿದಿರುವಾಗಲೇ ಯಾರಾದರೂ ಕೇಳಿಯಾರೇ ಎಂದು ಕಾಯುತ್ತಿರುವ,
ಚಲುವಯ್ಯ
ಕಳಲೆ, ನಂಜನಗೂಡು ತಾಲ್ಲೂಕು
ಫೆಬ್ರವರಿ 2004